ನಾಯಿ ಹಗ್ಗ ಬಿಚ್ಚೋಕೂ ಒಂದು ಜಾಗ ಬೇಕಾ?

ಈ ವಾರ ಒಂದು ಪಾರ್ಕಿನ ವಿಷಯ. ಬೆಂಗಳೂರಿನ ಕಬ್ಬನ್ ಪಾರ್ಕ್ ಒಳಗೆ ನಾಯಿಗಳಿಗೆ ಅಂತಲೇ ಬಿಟ್ಟಿರೋ ಜಾಗ ಒಂದಿದೆ. ಅಲ್ಲಿ ಸಾಕಿದವರು ಬೆಲ್ಟಿನಿಂದ ಹಗ್ಗ ಬಿಚ್ಚಿ ನಾಯಿನ ಓಡೋಕೆ ಬಿಡ್ತಾರೆ. ಭಾನುವಾರ ಬೆಳಿಗ್ಗೆ ಜನ ಜಾಸ್ತಿ, ನಾಯಿಗಳೂ ಜಾಸ್ತಿ. ಅವತ್ತು ಪಾರ್ಕ್ ಒಳಗೆ ಗಾಡಿಗಳಿಗೂ ಪ್ರವೇಶ ಇರಲ್ಲ. ನಾನು ಮೆಟ್ರೋ ಇಳಿದು ರೆಕಾರ್ಡರ್ ಹಿಡ್ಕೊಂಡು ಹೋದೆ. ನಾಯಿ ಇಲ್ಲದೆ ಬಂದವನು ಬಹುಶಃ ನಾನೊಬ್ಬನೇ.

ಹೋಗ್ತೀನಿ ಅಂದಾಗ ದುದ್ದದಲ್ಲಿ ನಮ್ಮ ದೊಡ್ಡಪ್ಪ ನಕ್ಕಿದ್ರು. "ಅಲ್ಲ ಕಣೋ, ನಾಯಿ ಬಿಡಕ್ಕೆ ಪಾರ್ಕ್ ಬೇರೆ ಮಾಡವ್ರಾ? ನಮ್ಮೂರಲ್ಲಿ ಎಲ್ಲಾ ಬಿಟ್ಟಿರೋವೇ ಅಲ್ವಾ!"

ಅರ್ಧ ನಿಜ. ನಮ್ಮ ಕಡೆ ನಾಯಿಗಳಲ್ಲಿ ಎರಡು ಜಾತಿ. ಬೀದಿಯಲ್ಲಿ ಹುಟ್ಟಿದ್ದು ಸಾಯೋವರೆಗೂ ಬಿಟ್ಟಿರುತ್ತೆ, ಅದಕ್ಕೆ ಯಾರೂ ಜವಾಬ್ದಾರರಲ್ಲ. ದುಡ್ಡು ಕೊಟ್ಟು ತಂದದ್ದು ಸಾಯೋವರೆಗೂ ಗೇಟಿನ ಪಕ್ಕ ಚೈನಿನಲ್ಲಿರುತ್ತೆ. ರಾತ್ರಿ ಬಿಟ್ಟರೆ ಚಿರತೆ ಹೊತ್ಕೊಂಡು ಹೋಗುತ್ತೆ ಅನ್ನೋ ಭಯ ತೋಟದ ಮನೆಗಳಲ್ಲಿ ಇದ್ದೇ ಇದೆ, ಅದು ಸುಳ್ಳೂ ಅಲ್ಲ. ಆದ್ರೆ ಹಗಲು? ಆರಡಿ ಚೈನಿನಲ್ಲಿ ವರ್ಷಗಟ್ಟಲೆ ಕೂತ ನಾಯಿಗೆ ಹೊಸಬರು ಅಂದ್ರೆ ಶತ್ರು ಅನ್ನೋದೊಂದೇ ಗೊತ್ತಿರೋದು. ನಮ್ಮ ಬೀದಿಯಲ್ಲೇ ಒಂದು ನಾಯಿ ಚೈನ್ ಕಿತ್ಕೊಂಡು ಬಂದು ಪಾರ್ಸೆಲ್ ಕೊಡೋಕೆ ಬಂದ ಹುಡುಗನ ಮೀನಖಂಡಕ್ಕೆ ಬಾಯಿ ಹಾಕ್ತು. ಮನೆಯವರು ಹೇಳಿದ್ದು, "ಅದು ಯಾರಿಗೂ ಏನೂ ಮಾಡಲ್ಲ." ಲಸಿಕೆ ಕಾರ್ಡ್ ಕೇಳಿದ್ರೆ ಯಾರ ಹತ್ರಾನೂ ಇಲ್ಲ.

ಈ ಎರಡರ ನಡುವಿನ ದಾರಿ ಹೇಗಿರುತ್ತೆ ಅಂತ ನೋಡೋಕೆ ನಾನು ಹೋಗಿದ್ದು.

ನಾಯಿಗಳ ಆಟ ಮೊದಲ ಸಲ ನೋಡೋವ್ರಿಗೆ ಜಗಳದ ಥರಾನೇ ಕಾಣುತ್ತೆ. ಹಲ್ಲು ತೋರಿಸ್ತವೆ, ಕತ್ತು ಹಿಡೀತವೆ, ಬೀಳಿಸ್ತವೆ. ವ್ಯತ್ಯಾಸ ಮೈಯಲ್ಲಿದೆ. ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಮೇಲೆತ್ತಿ ಬಗ್ಗಿದ್ರೆ ಅದು "ಬಾ, ಆಡೋಣ" ಅಂತ. ಅಟ್ಟಿಸಿಕೊಂಡು ಹೋಗಿದ್ದು ಆಮೇಲೆ ಓಡಿಸಿಕೊಳ್ಳುತ್ತೆ, ಸರದಿ ಬದಲಾಗ್ತಾ ಇರುತ್ತೆ. ಮೈ ಬಿಗಿಯಾಗಿ, ಬಾಯಿ ಮುಚ್ಚಿ, ನೋಟ ಕೀಳದೆ ನಿಂತ್ರೆ ಮಾತ್ರ ಹುಷಾರು. ಆಗ ಕೂಗಾಡದೆ ನಾಯಿನ ಕರ್ಕೊಂಡು ದೂರ ಹೋಗಬೇಕು.

ಬೀದಿನಾಯಿಯನ್ನ ತಂದು ಸಾಕಿಕೊಂಡಿದ್ದ ಒಬ್ಬ ಆಂಟಿ ಪಕ್ಕದಲ್ಲಿದ್ರು. "ನಿಮ್ಮದು ಯಾವುದಪ್ಪಾ?" ಅಂದ್ರು. "ನಂದಿಲ್ಲ ಆಂಟಿ, ನೋಡೋಕೆ ಬಂದೆ" ಅಂದೆ. "ಹಾಗಾದ್ರೆ ನಾಯಿಗಳನ್ನಲ್ಲ, ಸಾಕಿದವರನ್ನ ನೋಡು. ಫೋನ್ ನೋಡ್ತಾ ನಿಂತವರ ನಾಯಿಗಳೇ ಜಗಳ ತೆಗೆಯೋದು." ಒಂದೂವರೆ ಗಂಟೆ ನೋಡಿದೆ. ಅವರ ಮಾತು ಸರಿ.

ಒಂದು ಡಾಗ್ ಪಾರ್ಕ್ ಸರಿಯಾಗಿ ನಡೀಬೇಕಂದ್ರೆ ಏನು ಬೇಕು? ಮೊದಲನೇದು ಗೇಟ್, ಅದೂ ಎರಡು. ಹೊರಗಿನ ಗೇಟ್ ಹಾಕಿದ ಮೇಲೇ ಒಳಗಿನ ಗೇಟ್ ತೆಗೀಬೇಕು, ಮಧ್ಯದ ಸಣ್ಣ ಜಾಗದಲ್ಲಿ ಹಗ್ಗ ಬಿಚ್ಚಬೇಕು. ಹಾಗಿದ್ರೆ ಒಳಗಿಂದ ಯಾವುದೂ ರಸ್ತೆಗೆ ಹಾರಲ್ಲ. ಹಗ್ಗ ಅಲ್ಲೇ ಯಾಕೆ ಬಿಚ್ಚಬೇಕು ಗೊತ್ತಾ? ಉಳಿದವೆಲ್ಲ ಬಿಟ್ಟಿರುವಾಗ ಒಂದು ಮಾತ್ರ ಕಟ್ಟಿಹಾಕಿದ್ದರೆ ಅದಕ್ಕೆ ಓಡಿಹೋಗೋ ದಾರಿ ಇರಲ್ಲ, ಹೆದರಿ ಮೊದಲು ಕಚ್ಚೋದು ಅದೇ. ಸಣ್ಣ ನಾಯಿಗಳಿಗೆ ಬೇರೆ ಭಾಗ ಇದ್ದರೆ ಒಳ್ಳೇದು. ಬೆದೆಗೆ ಬಂದ ಹೆಣ್ಣು ನಾಯಿಯನ್ನ ತರಬಾರದು. ತಿಂಡಿ ಹಂಚಬಾರದು. ಲಸಿಕೆಗಳು ಮುಗಿಯದ ಮರಿಗಳನ್ನಂತೂ ತರಲೇಬಾರದು, ಯಾಕಂದ್ರೆ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತೆ.

ಇನ್ನೊಂದು, ನಮ್ಮಲ್ಲಿ ಯಾರಿಗೂ ಇಷ್ಟವಾಗದ ನಿಯಮ: ನಾಯಿ ಮಾಡಿದ್ದನ್ನ ಸಾಕಿದವರೇ ಎತ್ತಬೇಕು. ಇದು ಬರೀ ನಾಜೂಕಿನ ಮಾತಲ್ಲ, ಜಂತುಹುಳದ ಮೊಟ್ಟೆಗಳು ಹರಡೋದು ಅದರಿಂದಲೇ. ಕಬ್ಬನ್ ಪಾರ್ಕ್ ಜಾಗ ಕೈತಪ್ಪಿ ಹೋಗೋ ಸ್ಥಿತಿಗೆ ಬಂದಿದ್ದೂ ಇದರಿಂದಲೇ. 2022ರಲ್ಲಿ, ಕೆಲವರು ಎಲ್ಲೆಂದರಲ್ಲಿ ಹಗ್ಗ ಬಿಚ್ಚುತ್ತಾರೆ, ಗಲೀಜು ಎತ್ತಲ್ಲ ಅಂತ ದೂರುಗಳು ಬಂದವು. ಜುಲೈ 1ರಿಂದ ಪಾರ್ಕಿಗೆ ಸಾಕುನಾಯಿಗಳೇ ಬೇಡ ಅಂತ ತೋಟಗಾರಿಕೆ ಇಲಾಖೆ ಹೊರಟಿತು. ನಾಯಿ ಸಾಕಿದವರು ವಿರೋಧಿಸಿದ ಮೇಲೆ ನಿಷೇಧ ಜಾರಿಗೆ ಬರಲಿಲ್ಲ. ದೂರು ಕೊಟ್ಟವರ ಪರವೇ ನಾನು. ವಾಕಿಂಗ್ ಬಂದ ಅಜ್ಜನ ಮೇಲೆ ನಾಯಿ ಹಾರೋದು ತಮಾಷೆ ಅಲ್ಲ. ಪಾರ್ಕಿನ ಒಂದು ಮೂಲೆಯನ್ನ ನಾಯಿಗಳಿಗೆ ಕೊಡೋದರ ಅರ್ಥ ಉಳಿದ ಕಡೆಯೆಲ್ಲ ಹಗ್ಗ ಇರಲೇಬೇಕು ಅಂತ.

ಈ ಯೋಚನೆ ತುಂಬಾ ಹಳೇದೇನಲ್ಲ. ಅಮೆರಿಕದ ಬರ್ಕ್ಲಿಯಲ್ಲಿ 1979ರಲ್ಲಿ ಶುರುವಾದ ಓಲೋನಿ ಡಾಗ್ ಪಾರ್ಕನ್ನ ಈ ಥರದ ಮೊದಲನೇದು ಅಂತಾರೆ. ನಮ್ಮ ಪಕ್ಕದ ಹೈದರಾಬಾದಿನ ಕೊಂಡಾಪುರದಲ್ಲಿ ಅಲ್ಲಿನ ಪಾಲಿಕೆ 2018ರಲ್ಲಿ ನಾಯಿಗಳಿಗೆ ಅಂತಲೇ 1.3 ಎಕರೆಯ ಪಾರ್ಕ್ ಮಾಡಿತು. ನಮ್ಮ ಲೆಕ್ಕದಲ್ಲಿ 1 ಎಕರೆ 12 ಗುಂಟೆ.

ಹಾಸನಕ್ಕೆ ಅಷ್ಟೂ ಬೇಡ. ಬಿಕಾಂ ಓದಿದ್ದಕ್ಕೆ ಒಂದು ಲೆಕ್ಕ ಹಾಕ್ತೀನಿ. 20 ಗುಂಟೆ ಅಂದ್ರೆ 21,780 ಚದರ ಅಡಿ. ಚೌಕಾಕಾರದ ಜಾಗ ಆದ್ರೆ ಸುತ್ತಳತೆ ಸುಮಾರು 590 ಅಡಿ. ಐದಡಿ ಎತ್ತರದ ಮೆಶ್, ಎರಡು ಗೇಟ್, ಒಂದು ನಲ್ಲಿ, ಒಂದು ಕಸದ ಡಬ್ಬ, ನಾಲ್ಕು ಮರದ ನೆರಳು. ತೆಂಗಿನ ತೋಟಕ್ಕೆ ಬೇಲಿ ಹಾಕಿಸಿದವರಿಗೆ ಇದರ ಖರ್ಚು ನನಗಿಂತ ಚೆನ್ನಾಗಿ ಗೊತ್ತು. ನಿಭಾಯಿಸೋಕೆ ಪ್ರವೇಶ ಶುಲ್ಕ ಇಡಲಿ, ತಪ್ಪಿಲ್ಲ. ಆದ್ರೆ ಹಣಕ್ಕಿಂತ ಮೊದಲು ಗೇಟಿನಲ್ಲಿ ಕೇಳಬೇಕಾದ್ದು ರೇಬಿಸ್ ಲಸಿಕೆ ಕಾರ್ಡ್. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ, ಲಸಿಕೆಗೆ ದೂರ ಹೋಗೋ ಮಾತೇ ಇಲ್ಲ. ಭಾನುವಾರ ಆಡಿಸೋಕಾದ್ರೂ ಜನ ಲಸಿಕೆ ಹಾಕಿಸಿದ್ರೆ ಅಷ್ಟೇ ಸಾಕು ನನಗೆ.

ಯಾಕಂದ್ರೆ ರೇಬಿಸ್ ಲಕ್ಷಣ ಒಮ್ಮೆ ಶುರುವಾದ್ರೆ ಉಳಿಯೋದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕಚ್ಚಿದ ತಕ್ಷಣ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ಗಾಯ ತೊಳೀಬೇಕು. ಫೋನಲ್ಲಿ ಟೈಮರ್ ಇಡಿ, 15 ನಿಮಿಷ ನಾವು ಅಂದುಕೊಂಡಿದ್ದಕ್ಕಿಂತ ಉದ್ದ. ಸುಣ್ಣ, ಖಾರದ ಪುಡಿ, ಅರಿಶಿನ ಹಚ್ಚಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಚರ್ಮಕ್ಕೆ ಕೊಡೋ ಲಸಿಕೆಯಾದ್ರೆ ಮೊದಲ ದಿನ, ಆಮೇಲೆ 3, 7, 28ನೇ ದಿನ. ಗಾಯ ಆಳವಾಗಿದ್ರೆ ಗಾಯದ ಜಾಗಕ್ಕೇ ಇನ್ನೊಂದು ಇಂಜೆಕ್ಷನ್ ಇರುತ್ತೆ, ಡಾಕ್ಟರ್ ಹತ್ರ ಕೇಳಿ. ಪಾರ್ಸೆಲ್ ಹುಡುಗ ಅಷ್ಟೂ ದಿನ ಡೆಲಿವರಿ ಮಧ್ಯೆ ಆಸ್ಪತ್ರೆಗೆ ಓಡಾಡಿದ. ಅವನ ಅರ್ಧ ದಿನದ ಸಂಬಳ ಯಾರೂ ಕೊಡಲಿಲ್ಲ.

ಇದು ಬೀದಿನಾಯಿ ಸಮಸ್ಯೆಗೆ ಪರಿಹಾರ ಅಂತ ನಾನು ಹೇಳ್ತಿಲ್ಲ. ಅದರ ದಾರಿ ಬೇರೆ. 2023ರ ನಿಯಮಗಳ ಪ್ರಕಾರ ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಕಡೆ ಹಿಡಿದವನ್ನ ಮತ್ತೆ ಅಲ್ಲಿ ಬಿಡಬಾರದು ಅಂದಿತು. ಅದಕ್ಕೇ ಒಂದು ಎಪಿಸೋಡ್ ಬೇಕು. ಇವತ್ತಿನ ಮಾತು ಚೈನಿನಲ್ಲಿರೋ ನಾಯಿಗಳದ್ದು ಮಾತ್ರ.

ಪಾರ್ಕ್ ಬರೋವರೆಗೂ ಕಾಯೋದು ಬೇಡ. 30 ಅಡಿಯ ಹಗ್ಗ ತಗೊಳ್ಳಿ, ಖಾಲಿ ಹೊಲಕ್ಕೆ ಹೋಗಿ. ಹೆಸರು ಕರೀರಿ, ಬಂದ ತಕ್ಷಣ ಬೇಯಿಸಿದ ಮೊಟ್ಟೆಯ ಒಂದು ಚೂರು ಕೊಡಿ. ಬಯ್ಯೋಕೆ ಅಂತ ಯಾವತ್ತೂ ಕರೀಬೇಡಿ, ಮುಂದಿನ ಸಲ ಬರಲ್ಲ. ಬೇರೆ ನಾಯಿ ಎದುರಿಗಿದ್ರೂ ಕರೆದ ತಕ್ಷಣ ಬರೋ ಹಾಗಾದ ಮೇಲೆ ಹಗ್ಗ ಬಿಚ್ಚೋ ಯೋಚನೆ ಮಾಡಿ.

ಕಬ್ಬನ್ ಪಾರ್ಕಿಗೇ ಕರ್ಕೊಂಡು ಹೋಗ್ತೀವಿ ಅನ್ನೋರಿಗೆ: ಕೆಎಸ್‌ಆರ್‌ಟಿಸಿ ಬಸ್ಸಲ್ಲಿ ನಾಯಿಗೆ ಮೊದಲು ಪೂರ್ತಿ ಟಿಕೆಟ್ ಇತ್ತು, 2022ರಲ್ಲಿ ಅರ್ಧ ಮಾಡಿದ್ರು. ಹೆಣ್ಣು ನಾಯಿ ಆದ್ರೂ ಶಕ್ತಿ ಯೋಜನೆ ಅನ್ವಯಿಸಲ್ಲ, ಕೇಳಿ ಕಂಡಕ್ಟರ್ ಹತ್ರ ಬೈಸ್ಕೋಬೇಡಿ. ಹಾಸನದ ಸುತ್ತಮುತ್ತ ಖಾಲಿ ಬಿದ್ದಿರೋ 20 ಗುಂಟೆ ಸರ್ಕಾರಿ ಜಾಗ ನಿಮ್ಮ ಕಣ್ಣಿಗೆ ಬಿದ್ದಿದ್ರೆ ಎಲ್ಲಿ ಅಂತ ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಅರ್ಜಿ ಬರೆಯೋಕೆ ಕೂರ್ತೀನಿ.