ಒತ್ತಕ್ಷರ ಬೇರೆ, ಸಬ್‌ಸ್ಕ್ರಿಪ್ಟ್ ಬೇರೆ

ಹುನ್ನೂರ, ಜಮಖಂಡಿ, ಬನಹಟ್ಟಿ ಕಡೆ ಜಾತ್ರೆಯ ಫ್ಲೆಕ್ಸು, ಪ್ಲಾಟಿನ ಜಾಹೀರಾತು, ಗೊಬ್ಬರದಂಗಡಿಯ ಬೋರ್ಡು ಎಲ್ಲವೂ ಫೋಟೋಶಾಪಿನಲ್ಲೋ ಕೋರೆಲ್‌ಡ್ರಾದಲ್ಲೋ ತಯಾರಾಗುತ್ತವೆ. ದೊಡ್ಡಕ್ಷರಗಳಲ್ಲಿ ಎಡವುವವರು ಕಡಿಮೆ. ಎಡವುವುದು ಮೇಲೇರುವ (ಸೂಪರ್‌ಸ್ಕ್ರಿಪ್ಟ್), ಕೆಳಗಿಳಿಯುವ (ಸಬ್‌ಸ್ಕ್ರಿಪ್ಟ್) ಸಣ್ಣಕ್ಷರಗಳ ಹತ್ತಿರ.

ತಪ್ಪು ಕಲ್ಪನೆ: ಅಂಕಿಯನ್ನು ಚಿಕ್ಕದು ಮಾಡಿ ಬೇರೆ ಲೇಯರಿನಲ್ಲಿ ಎತ್ತಿಟ್ಟರೆ ಸೂಪರ್‌ಸ್ಕ್ರಿಪ್ಟ್ ಆಯಿತು.

ಕಣ್ಣಿಗೆ ಆಯಿತು, ಕೆಲಸಕ್ಕಲ್ಲ. ಗಿರಾಕಿ ಬಂದು ‘ಊರ ಹೆಸರು ಸ್ವಲ್ಪ ದೊಡ್ಡದು ಮಾಡ್ರಿ’ ಎಂದ ಕೂಡಲೇ ಸಾಲು ಸರಿಯುತ್ತದೆ, ಅಂಕಿ ಮಾತ್ರ ಇದ್ದಲ್ಲೇ ತೇಲುತ್ತಿರುತ್ತದೆ. ಫೋಟೋಶಾಪಿನ ಕ್ಯಾರೆಕ್ಟರ್ ಪ್ಯಾನೆಲ್‌ನಲ್ಲಿ ಇದಕ್ಕೆಂದೇ ಎರಡು ಗುಂಡಿಗಳಿವೆ. ಜಿಂಪ್‌ನಲ್ಲಾದರೆ ಆ ಅಂಕಿಯನ್ನಷ್ಟೇ ಆಯ್ದು, ಗಾತ್ರ ಇಳಿಸಿ, ಬೇಸ್‌ಲೈನ್ ಏರಿಸಬಹುದು. ಆಗ ಅದು ಸಾಲಿನ ಜೊತೆಗೇ ನಡೆಯುತ್ತದೆ.

ತಪ್ಪು ಕಲ್ಪನೆ: ನಮ್ಮ ಒತ್ತಕ್ಷರವೆಂದರೆ ಸಬ್‌ಸ್ಕ್ರಿಪ್ಟೇ.

ಎಲ್ಲಕ್ಕಿಂತ ದೊಡ್ಡ ಎಡವಟ್ಟು ಇದು. ಹಳೆಯ ಫೋಟೋಶಾಪಿನಲ್ಲಿ ಯೂನಿಕೋಡ್ ಕನ್ನಡ ಒಡೆದು ‘ಅಕ್ಕ’ನ ಬದಲು ‘ಅಕ್‌ಕ’ ಕಂಡಾಗ, ಎರಡನೆಯ ಕಕಾರವನ್ನು ಕುಗ್ಗಿಸಿ ಕೆಳಗೆ ತಳ್ಳುವ ಜಾಣರಿದ್ದಾರೆ. ಆದರೆ ಒತ್ತಿಗೆ ತಲೆಕಟ್ಟಿರುವುದಿಲ್ಲ. ಕುಗ್ಗಿಸಿದ ಅಕ್ಷರ ತಲೆಕಟ್ಟು ಹೊತ್ತುಕೊಂಡೇ ಕೆಳಗಿಳಿಯುತ್ತದೆ. ತ, ನ, ಮ, ಯ, ರ, ಲ ಇವುಗಳ ಒತ್ತಿನ ರೂಪವೇ ಬೇರೆ: ಕತ್ತೆ, ಅನ್ನ, ಅಮ್ಮ, ಕಲ್ಲು ಎಂದು ಕೈಯಲ್ಲೊಮ್ಮೆ ಬರೆದು ನೋಡಿ. ಎರಡು ವ್ಯಂಜನಗಳ ನಡುವೆ ಹಲಂತ ಬಿದ್ದಾಗ ಒತ್ತಿನ ರೂಪವನ್ನು ಫಾಂಟೇ ತಂದು ಕೂಡಿಸುತ್ತದೆ. ಒಡೆದು ಕಂಡರೆ ಕೊರತೆ ತಂತ್ರಾಂಶದ್ದು. ಫೋಟೋಶಾಪಿನ ಕೆಲವು ಸಿಸಿ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ‘ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್’ ಆರಿಸಿದರೆ ಸರಿಹೋಗುತ್ತದೆ.

ಒತ್ತಕ್ಷರಕ್ಕೆ ತಮ್ಮನೊಬ್ಬನಿದ್ದಾನೆ, ಅರ್ಕಾವತ್ತು. ಅದರ ಬದಲು ಕನ್ನಡದ ಒಂಬತ್ತನ್ನೇ ಒತ್ತಿ ‘ಧಮ೯’ ಎಂದು ಬರೆಯುವುದು ಎಲ್ಲೆಡೆ ನಡೆದಿದೆ. ಓದುಗನಿಗೆ ಅದು ಧರ್ಮ, ಕಂಪ್ಯೂಟರಿಗೆ ‘ಧಮ ಒಂಬತ್ತು’. ಹುಡುಕಿದರೆ ಸಿಗದು.

ತಪ್ಪು ಕಲ್ಪನೆ: ² ಎಂಬ ಚಿಹ್ನೆ ಎಲ್ಲ ಫಾಂಟಿನಲ್ಲೂ ವರ್ಗದ ಎರಡೇ.

ಯೂನಿಕೋಡ್ ಫಾಂಟಿನಲ್ಲಿ ಹೌದು. ಹಳೆಯ ನುಡಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಣುಕುಗಳು ಕೂತಿವೆ. ಅಲ್ಲಿ ²ರ ಮನೆಯಲ್ಲಿರುವುದು ‘ಶಿ’. ಮೂವತ್ತು ನಲವತ್ತರ ಪ್ಲಾಟಿಗೆ ‘1200 ಅಡಿ²’ ಎಂದು ಹಾಕಿದರೆ ‘1200 ಅಡಿಶಿ’ ಎಂದು ಮೂಡುತ್ತದೆ. ಡಿಗ್ರಿಯ ಸೊನ್ನೆ ‘ಲಿ’ ಆಗುತ್ತದೆ, ಹಾಗಾಗಿ 38° ಬಿಸಿಲು ‘38ಲಿ’. 2½ ಎಕರೆ ತೋಟ ‘2ಳಿ ಎಕರೆ’. ಕಂಪ್ಯೂಟರಿಗೆ ವೈರಸ್ ಬಂದಿಲ್ಲ. ಆ ಒಂದು ಚಿಹ್ನೆಗೆ ಮಾತ್ರ ಬೇರೆ ಫಾಂಟು ಕೊಡಿ. ನನ್ನನ್ನು ಕೇಳಿದರೆ ‘ಚದರ ಅಡಿ’ ಎಂದು ಬರೆಯುವುದೇ ಲೇಸು.

ಇನ್ನು ಚಿಹ್ನೆಯ ಬದಲು ಗುಂಡಿ ಒತ್ತಿ ಏರಿಸಿದ 10²ನ್ನು ನಕಲು ಮಾಡಿ ವಾಟ್ಸಾಪಿಗೆ ಅಂಟಿಸಿದರೆ ನೂರು ಹೋಗಿ 102 ಆಗುತ್ತದೆ. ಏರಿಕೆ ಬರೀ ಅಲಂಕಾರ ಎನ್ನುವವರಿಗೆ ಇಷ್ಟು ಸಾಕು.

ತಪ್ಪು ಕಲ್ಪನೆ: ಅಕ್ಷರದ ಮುಂದೆ ಅಂಕಿ ಬಂದರೆ ಕೆಳಗಿಳಿಸಬೇಕು.

ರಾಸಾಯನಿಕ ಸೂತ್ರದಲ್ಲಿ ಸರಿ. ಡಿಎಪಿ ಗೊಬ್ಬರದ ಚೀಲದ 18:46ರಲ್ಲಿ 46 ಎಂಬುದು ಪಿ₂ಒ₅ ಲೆಕ್ಕ. ಅಲ್ಲಿನ 2, 5 ಪರಮಾಣುಗಳ ಎಣಿಕೆ, ಇಳಿಯಲೇಬೇಕು. ಕಬ್ಬಿನ ತಳಿ ಕೋ 86032ರ ಮಾತು ಬೇರೆ. ‘ಕೋ’ ಎಂದರೆ ಕೊಯಮತ್ತೂರು, 86032 ತಳಿಯ ಸಂಖ್ಯೆ. ಅದು ಸಾಲಿನ ಮೇಲೆಯೇ ನಿಲ್ಲಬೇಕು.