ಬ್ರೈಟನ್: ಕಡಲ ತಡಿಯಲ್ಲಿ ಊಟ, ವಸತಿ, ವಿರಾಮ

ಮಕ್ಕಳು ಇಂಗ್ಲೆಂಡಿಗೆ ಓದಲು ಹೊರಟರೆಂದರೆ ತಾಯಂದಿರ ಮೊದಲ ಪ್ರಶ್ನೆ: ‘ಅಲ್ಲಿ ಊಟಕ್ಕೇನು?’ ಸಸೆಕ್ಸ್ ವಿಶ್ವವಿದ್ಯಾಲಯವಿರುವ ಬ್ರೈಟನ್ ನಗರಕ್ಕೆ ಈ ಪ್ರಶ್ನೆ ಹೊಸದಲ್ಲ. 1914ರಲ್ಲಿ ಅಲ್ಲಿನ ರಾಯಲ್ ಪೆವಿಲಿಯನ್ ಅರಮನೆ ಗಾಯಾಳು ಭಾರತೀಯ ಸೈನಿಕರ ಆಸ್ಪತ್ರೆಯಾದಾಗ, ಅವರವರ ಆಚಾರಕ್ಕೆ ತಕ್ಕ ಪ್ರತ್ಯೇಕ ಅಡುಗೆಮನೆಗಳನ್ನೇ ತೆರೆದಿದ್ದರು!

ಲಂಡನ್ನಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಕೆಂಪ್‌ಟೌನ್ ಬದಿಯಲ್ಲಿ ಸಣ್ಣ ಅತಿಥಿಗೃಹಗಳಿವೆ. ಬೇಸಿಗೆಯ ಶನಿವಾರ, ಭಾನುವಾರ ಬಾಡಿಗೆ ಏರುವುದರಿಂದ ವಾರದ ನಡುವೆ ಹೋಗುವುದೇ ಲೇಸು. ನಾರ್ತ್ ಲೇನ್ ಓಣಿಗಳಲ್ಲಿ ಸಸ್ಯಾಹಾರ ಸುಲಭವಾಗಿ ಸಿಗುತ್ತದೆ. ದಂಡೆಯಲ್ಲಿ ಚಿಪ್ಸ್ ಪೊಟ್ಟಣ ಬಿಚ್ಚಿದರೆ ಮಾತ್ರ ಕಡಲಹಕ್ಕಿಗಳು ಎರಗುತ್ತವೆ, ಜೋಕೆ!

ಈ ದಂಡೆಯಲ್ಲಿರುವುದು ಮರಳಲ್ಲ, ಅಲೆಗಳು ಉಜ್ಜಿ ನುಣುಪಾಗಿಸಿದ ಚಕಮಕಿ ಕಲ್ಲು. ನೀರು ಬೇಗನೆ ಆಳವಾಗುತ್ತದೆ. ಜೀವರಕ್ಷಕರು ನೆಟ್ಟ ಬಾವುಟಗಳ ನಡುವೆಯೇ ಈಜಬೇಕು. ವಿಜ್ಞಾನದ ವಿದ್ಯಾರ್ಥಿಗಳು ನೋಡಲೇಬೇಕಾದುದು 1883ರಲ್ಲಿ ಮ್ಯಾಗ್ನಸ್ ವೋಲ್ಕ್ ಆರಂಭಿಸಿದ ಪುಟ್ಟ ವಿದ್ಯುತ್ ರೈಲು. ಇಂದಿಗೂ ಬೇಸಿಗೆಯಲ್ಲಿ ಅದು ದಡದ ಅಂಚಿನಲ್ಲಿ ಓಡುತ್ತದೆ.

ಬಿಡುವಿದ್ದರೆ ಊರಾಚೆಯ ಗುಡ್ಡವನ್ನೂ ಏರಬೇಕು. ಆಸ್ಪತ್ರೆಯಿಂದ ತಾಯ್ನಾಡಿಗೆ ಮರಳದೇಹೋದ 53 ಹಿಂದೂ, ಸಿಖ್ ಸೈನಿಕರಿಗೆ ಅಲ್ಲಿ ಅಗ್ನಿಸಂಸ್ಕಾರವಾಯಿತು. ಆ ಜಾಗದಲ್ಲಿ 1921ರಿಂದ ಅಮೃತಶಿಲೆಯ ‘ಛತ್ರಿ’ ನಿಂತಿದೆ. ಓದಲು ಹೋದ ಮಕ್ಕಳು ಅಲ್ಲೊಂದು ಗಳಿಗೆ ತಲೆಬಾಗಿ ಬರಲಿ.