ಕಾರ್ಡು ಮೆಷಿನ್ನಿಗೆ ಸರಿ, ಕೋಣೆ ಬಾಡಿಗೆಗೆ ಯಾರು?

ಕ್ಯಾನ್ಸರ್ ಅನ್ನೋ ಹೆಸರನ್ನೇ ಬಾಯಲ್ಲಿ ಆಡದೆ ‘ಆ ಕಾಯಿಲೆ’ ಎನ್ನುವ ಜಿಲ್ಲೆ ನಮ್ಮದು. ಡಾಕ್ಟರು ಚೀಟಿ ಬರೆದು “ಕಿದ್ವಾಯಿಗೆ ಹೋಗಿ” ಅಂದರೆ ಮೊಳಕಾಲ್ಮುರಿನಿಂದ ಹೊಸದುರ್ಗದವರೆಗೆ ಯಾರಿಗೂ ಬೇರೆ ವಿವರಣೆ ಬೇಕಿಲ್ಲ. ಮನೆಯವರು ಹೊಲದ ಪಹಣಿ ಹುಡುಕುತ್ತಾರೆ.

ಪಹಣಿ ಯಾಕೆ ಸ್ವಾಮಿ, ಸರ್ಕಾರ ದುಡ್ಡು ಕೊಡುತ್ತಲ್ಲ ಎನ್ನುವವರುಂಟು. ಕೊಡುತ್ತದೆ, ಸುಳ್ಳಲ್ಲ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ 1.5 ಲಕ್ಷದ ಮಿತಿಯೊಳಗೆ.

ಆದರೆ ಈ ಹಣ ಹೋಗುವುದು ಆಸ್ಪತ್ರೆಯ ಲೆಕ್ಕಕ್ಕೆ. ರೇಡಿಯೇಷನ್ ಅಂದರೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಐದಾರು ವಾರ. ಮೆಷಿನ್ ಕೆಳಗೆ ಮಲಗುವುದು ಕೆಲವೇ ನಿಮಿಷ. ಉಳಿದ ಹೊತ್ತು? ಇನ್ನೂರು ಕಿಲೋಮೀಟರು ದಿನಾ ಹೋಗಿ ಬರೋಕಾಗಲ್ಲ. ಧರ್ಮಶಾಲೆಯಲ್ಲಿ ಜಾಗ ಸಿಕ್ಕರೆ ಪುಣ್ಯ, ಇಲ್ಲವಾದರೆ ಬಾಡಿಗೆ ಕೋಣೆ. ರೋಗಿಯ ಕೂಲಿ ಹೋಯಿತು, ಜೊತೆಗೆ ಬಂದವನ ಕೂಲಿಯೂ ಹೋಯಿತು. ಬಿಲ್ ಸೊನ್ನೆ ಎಂದು ಆಸ್ಪತ್ರೆಯ ಕಾಗದ ಹೇಳುತ್ತದೆ, ಸಾಲ ಮಾತ್ರ ಊರಿನ ಸಾಹುಕಾರನ ಪುಸ್ತಕದಲ್ಲಿ ಬೆಳೆಯುತ್ತದೆ. (2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ರೈಲಿನ ಸ್ಲೀಪರಿನಲ್ಲಿ ಕ್ಯಾನ್ಸರ್ ರೋಗಿಗೆ ಪೂರ್ತಿ, ಜೊತೆಗಾರನಿಗೆ ಶೇ. 75 ರಿಯಾಯಿತಿ. ಎಷ್ಟು ಜನಕ್ಕೆ ಗೊತ್ತು?)

ಕಿದ್ವಾಯಿ ಶುರುವಾದದ್ದು 1973ರಲ್ಲಿ, ಸ್ವಾಯತ್ತ ಸಂಸ್ಥೆಯಾದದ್ದು 1980ರಲ್ಲಿ. ಆಮೇಲೆ ಕೇಂದ್ರದ ಯೋಜನೆಯೊಂದು ಬಂತು: ರಾಜ್ಯ ಮಟ್ಟದ ಕ್ಯಾನ್ಸರ್ ಸಂಸ್ಥೆಗೆ 120 ಕೋಟಿವರೆಗೆ, ಕೆಳಗಿನ ಕೇಂದ್ರಕ್ಕೆ 45 ಕೋಟಿವರೆಗೆ, ಕೇಂದ್ರ-ರಾಜ್ಯ ಪಾಲು 60:40. ನಮ್ಮ ರಾಜ್ಯದಿಂದ ಕಿದ್ವಾಯಿ ಮತ್ತು ಮಂಡ್ಯ ಆಯ್ಕೆಯಾದವು. ದುರ್ಗದವರಿಗೆ ಮಂಡ್ಯ ಏನು ಹತ್ತಿರವೇ?

ಪ್ರತಿ ಜಿಲ್ಲೆಗೂ ರೇಡಿಯೇಷನ್ ಕೊಡಿ ಎನ್ನುವುದು ಭಾಷಣಕ್ಕೆ ಚೆನ್ನ. ದಪ್ಪ ಕಾಂಕ್ರೀಟ್ ಗೋಡೆಯ ಕೋಣೆ, ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ, ಭೌತವಿಜ್ಞಾನಿ, ತಂತ್ರಜ್ಞ ಎಲ್ಲ ಬೇಕು. ಬೀಗ ಹಾಕಿದ ಮೆಷಿನ್ನಿಗಿಂತ ಇಲ್ಲದಿರುವುದೇ ಮೇಲು. ಕೀಮೋ ಹಾಗಲ್ಲ, ಬೆಳಿಗ್ಗೆ ಬಂದು ಡ್ರಿಪ್ ಹಾಕಿಸಿಕೊಂಡು ಸಂಜೆ ಮನೆಗೆ ಹೋಗಬಹುದು. 2025ರಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಆರಂಭಿಸಿತು. ಅದೇ ವರ್ಷದ ಕೇಂದ್ರ ಬಜೆಟ್ಟು ಮೂರು ವರ್ಷದಲ್ಲಿ ದೇಶದ ಎಲ್ಲ ಜಿಲ್ಲಾಸ್ಪತ್ರೆಗಳಿಗೂ ಇಂಥ ಕೇಂದ್ರ ಎಂದಿತು. ಇದು ಕೆಲಸಕ್ಕೆ ಬರುವ ಮಾತು.

ಸಂಶೋಧನೆಗೆ ಹಣ ಹಾಕುವುದು ದಂಡ ಎನ್ನುವವರು ಮುಂಬಯಿ ಕಡೆ ನೋಡಲಿ. ಅಣುಶಕ್ತಿ ಇಲಾಖೆಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು, ಹಲ್ಲು ಕೀಳುವಾಗ ಚುಚ್ಚುವ ಅದೇ ಲಿಗ್ನೋಕೇನನ್ನು ಸ್ತನ ಕ್ಯಾನ್ಸರ್ ಆಪರೇಷನ್ನಿಗೆ ಕೆಲವು ನಿಮಿಷ ಮೊದಲು ಗಡ್ಡೆಯ ಸುತ್ತ ಚುಚ್ಚಿ ನೋಡಿದರು. ಸುಮಾರು 1,600 ಹೆಂಗಸರ ಮೇಲೆ ನಡೆದ ಪರೀಕ್ಷೆ. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, 5 ವರ್ಷದ ನಂತರ ಬದುಕಿದ್ದವರು ಚುಚ್ಚದ ಗುಂಪಿನಲ್ಲಿ ಶೇ. 86.4, ಚುಚ್ಚಿದ ಗುಂಪಿನಲ್ಲಿ ಶೇ. 90.1. ಔಷಧಿ ಪುಡಿಗಾಸಿನದು. ಪೇಟೆಂಟಿನ ಲಾಭವಿಲ್ಲದ ಇಂಥದಕ್ಕೆ ಯಾವ ಕಂಪನಿ ಬಂಡವಾಳ ಹಾಕೀತು?

ಇನ್ನು ನಮ್ಮ ಬಾಯಿ. ಅಡಿಕೆ ಸ್ವತಃ ಕ್ಯಾನ್ಸರ್‌ಕಾರಕ ಎಂದು ವಿಶ್ವಸಂಸ್ಥೆಯ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿತು. ಹೊಳಲ್ಕೆರೆ ಸೀಮೆಯಲ್ಲಿ ಇದನ್ನು ಬರೆದರೆ ಬೈಗುಳ ಗ್ಯಾರಂಟಿ, ಬೈಯಿರಿ. ಆದರೆ ಮೂವತ್ತು ದಾಟಿದವರ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಪ್ರಾಥಮಿಕ ಆರೋಗ್ಯ ಕೇಂದ್ರದ ಕೆಲಸದಲ್ಲೇ ಸೇರಿದೆ. ಟಾರ್ಚು ಹಿಡಿದು ಬಾಯಿ ನೋಡಲು ಕೋಟಿ ಬೇಕಿಲ್ಲ.

ಕ್ಷಯ ರೋಗಿಗೆ 2018ರಿಂದ ತಿಂಗಳಿಗೆ 500 ರೂಪಾಯಿ, 2024ರ ನವೆಂಬರಿನಿಂದ 1,000 ರೂಪಾಯಿ ನೇರ ಬ್ಯಾಂಕ್ ಖಾತೆಗೆ ಹೋಗುತ್ತಿದೆ. ರೇಡಿಯೇಷನ್ನಿಗೆ ಹೋದವರಿಗೆ ಆ ಐದಾರು ವಾರದ ಊಟ-ವಸತಿ ಹಣ ಅದೇ ದಾರಿಯಲ್ಲಿ ಹಾಕಲು ಏನು ಅಡ್ಡಿ? ಮುಂದಿನ ಕೆಡಿಪಿ ಸಭೆಯಲ್ಲಿ ಉಸ್ತುವಾರಿ ಸಚಿವರು ಇದನ್ನು ಕೇಳಲಿ, ಕಳೆದ ವರ್ಷ ಎಷ್ಟು ಬಾಯಿ ತಪಾಸಣೆಯಾಯಿತು ಎಂಬುದನ್ನೂ ಕೇಳಲಿ. ಉತ್ತರ ಬಂದರೆ ಇದೇ ಅಂಕಣದಲ್ಲಿ ಅಚ್ಚು ಹಾಕುತ್ತೇವೆ.